ಶೂನ್ಯ ಟಿಕೆಟ್ಟಿನ ಗೆಳತಿಯರು

ನಾನು ಕಡೂರು, ಒಬ್ಬಳು ತರೀಕೆರೆ, ಇನ್ನೊಬ್ಬಳು ಅಜ್ಜಂಪುರ. ಅರವತ್ತು ದಾಟಿದ ಮೇಲೆ ನಮಗೆ ಊರೇ ಹೆಸರು. ಮೊನ್ನೆ "ಅಜ್ಜಂಪುರಕ್ಕೆ ಮಂಡಿ ನೋವಂತೆ" ಅಂದೆ. ಯಜಮಾನರು ಪೇಪರ್ ಕೆಳಗಿಟ್ಟು, "ಇಡೀ ತಾಲ್ಲೂಕಿಗಾ?" ಅಂದರು.

ಮೊದಲೆಲ್ಲ ನಮ್ಮ ಭೇಟಿ ಅಂದರೆ ಯಾರದೋ ಮದುವೆ, ಇಲ್ಲವೇ ತಿಥಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಿದ್ದೇ ತಡ, ಮಂಡಿಗಳಿಗೂ ಶಕ್ತಿ ಬಂತು. ತಿಂಗಳಿಗೊಮ್ಮೆ ಸರ್ಕಾರಿ ಬಸ್ಸು, ಶೂನ್ಯ ಟಿಕೆಟ್ಟು. ಕಂಡಕ್ಟರಿಗೆ ಆಧಾರ್ ತೋರಿಸುವಾಗ ಮಾತ್ರ ತರೀಕೆರೆಯ ಹೆಬ್ಬೆರಳು ಹುಟ್ಟಿದ ವರ್ಷದ ಮೇಲೇ ಕೂತಿರುತ್ತದೆ.

ಹೋದ ಸಲ ಅಮೃತಾಪುರಕ್ಕೆ ಹೋಗಿದ್ದೆವು. 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ದೇವಸ್ಥಾನ. ಮಂಟಪದ ಹೊರಮೈಯಲ್ಲಿ ಸಾಲಾಗಿ ರಾಮಾಯಣ ಕೆತ್ತಿದ್ದಾರೆ. ಅರ್ಧ ನೋಡುವಷ್ಟರಲ್ಲಿ ತರೀಕೆರೆ ತನ್ನ ಸೊಸೆಯ ವಿಷಯ ತೆಗೆದಳು. ಉಳಿದರ್ಧ ರಾಮಾಯಣವನ್ನು ಹುಲ್ಲಿನ ಮೇಲೆ ಕೂತು ಕೇಳಿದೆವು. ಅಜ್ಜಂಪುರ ಚಕ್ಕುಲಿ ಡಬ್ಬಿ ಬಿಚ್ಚಿದಳು. ಕಡಿಯುವ ಹಲ್ಲು ಮೂವರಿಗೂ ಎಡಗಡೆಯೇ! ಫ್ಲಾಸ್ಕಿನ ಕಾಫಿಗೆ ಅದ್ದಿ ಅದ್ದಿ ತಿಂದೆವು.

ಬಸ್ಸು ತಪ್ಪಿತು, ಬಿಡಿ. ಅಷ್ಟರಲ್ಲಿ ಯಜಮಾನರ ಫೋನು: "ಅನ್ನಕ್ಕಿಟ್ಟಿದ್ದೀನಿ, ಕುಕ್ಕರ್ ಎಷ್ಟು ಸಲ ಕೂಗಬೇಕು?"

ಮೂರೂ ತಾಲ್ಲೂಕು ಒಟ್ಟಿಗೆ ಕೂಗಿದವು: "ಮೂರು!"