ಲಗ್ಗೆರೆ ಶಾಖೆಯ ಎಸ್‌ಎಂಪಿಎಸ್ ಮೀಮಾಂಸೆ

ಮುಪ್ಪಾದ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಎಂಬ ಕರೆಂಟು ಡಬ್ಬದ ಕುರಿತು ಲಗ್ಗೆರೆಯಲ್ಲಿ ಎರಡು ಪಂಥಗಳಿವೆ. ತಟ್ಟುವಾದಿಗಳ ಪ್ರಕಾರ, ಕ್ಯಾಬಿನೆಟ್ಟಿನ ಎಡಗೆನ್ನೆಗೆ ಒಂದು ಬಾರಿಸಿದರೆ ಯಂತ್ರ ತಾನಾಗಿ ಆನ್ ಆಗುತ್ತದೆ. ಆಗದಿದ್ದರೆ ಏಟು ಸಾಲಲಿಲ್ಲವೆಂದೇ ಅರ್ಥ. ಈ ದರ್ಶನ ಪಕ್ಕದ ಪೀಣ್ಯದ ವರ್ಕ್‌ಶಾಪುಗಳಿಂದ ಬಂದಿರಬೇಕು. ಒಳಗಿನ ಡ್ರೈ ಸಾಲ್ಡರ್ ಅಲುಗಾಡಿ ಕೂಡಿಕೊಂಡು ಆಗೊಮ್ಮೆ ಈಗೊಮ್ಮೆ ಗೆಲ್ಲುವುದರಿಂದ ಇವರನ್ನು ವಾದದಲ್ಲಿ ಸೋಲಿಸುವುದು ಕಷ್ಟ. ಪ್ರಸ್ತುತ ಗ್ರಂಥಕರ್ತನು ಬದಲಿವಾದಿ.

ಚರ್ಚೆಯ ವಸ್ತು, ರಿಂಗ್ ರೋಡಿನ ಪಕ್ಕದ ಡಿಟಿಪಿ ಅಂಗಡಿಯೊಂದರ ಪೆಂಟಿಯಂ 3. ಹೊಸದನ್ನೇ ಏಕೆ ತರಬಾರದು ಎಂಬ ಆಕ್ಷೇಪವನ್ನು ಪೂರ್ವಸೂರಿಗಳು ಖಂಡಿಸಿಯಾಗಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬೇಕಾದ ಪ್ಯಾರಲಲ್ ಪೋರ್ಟ್ ಹೊಸ ಯಂತ್ರಗಳಲ್ಲಿ ಸಿಗುವುದು ಅಪರೂಪ. ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಫಾಂಟು ಹಾಕಿ ಕೂರಿಸಿದ ಲಗ್ನಪತ್ರಿಕೆಯೋ, ಆ ಫಾಂಟಿಲ್ಲದ ಯಂತ್ರದಲ್ಲಿ ವರ ಯಾರು, ಛತ್ರ ಯಾವುದು ಎಂದು ಬೀಗರೇ ಗುರುತು ಹಿಡಿಯಲಾರದ ಗೋಜಲಾಗುತ್ತದೆ.

ರೋಗನಿರ್ಣಯಕ್ಕೆ ಪ್ರಮಾಣಗಳು ಮೂರು. ಪ್ರತ್ಯಕ್ಷ: ಹಲವು ಆಯುಧಪೂಜೆಗಳ ಕುಂಕುಮ ಮೆತ್ತಿದ ಜಾಲರಿಯ ಮೂಲಕ ಟಾರ್ಚ್ ಬಿಟ್ಟರೆ, ಕೆಪಾಸಿಟರುಗಳ ಚಪ್ಪಟೆ ತಲೆ ಪೂರಿಯಂತೆ ಉಬ್ಬಿ ನೆತ್ತಿಯಲ್ಲಿ ಕಂದು ರಸ ಒಸರಿರುವುದು ಕಾಣುತ್ತದೆ. ಅನುಮಾನ: ಸುಟ್ಟ ವಾರ್ನಿಷ್ ವಾಸನೆ. ತಾರ್ಕಿಕರು ಹೊಗೆಗಾಗಿ ಬೆಟ್ಟ ನೋಡಬೇಕಿತ್ತು, ನಮಗದು ಮೇಜಿನ ಕೆಳಗೇ ಲಭ್ಯ. ಶಬ್ದ: ಹಿಂಬದಿಯ ಕೆಂಪು ಸ್ವಿಚ್ಚನ್ನು ಪೆನ್ನಿನ ತುದಿಯಿಂದ 230ರಿಂದ 115ಕ್ಕೆ ಸರಿಸಿ ಆನ್ ಮಾಡಿದಾಗ ಹೊರಡುವ ‘ಢಬ್’. ಇದು ಅಪೌರುಷೇಯ. ಯಾರೂ ಮಾಡಿದ್ದಲ್ಲವೆಂದು ಮನೆಮಕ್ಕಳೆಲ್ಲ ಒಕ್ಕೊರಲಿನಿಂದ ಸಾಕ್ಷಿ ಹೇಳುತ್ತಾರೆ.

ಇನ್ನೂ ಸಂಶಯವಿದ್ದರೆ ಮದರ್‌ಬೋರ್ಡಿನ ಪ್ಲಗ್ ಕಳಚಿ, ಅದರ ಹಸಿರು ವೈರಿಗೂ ಕಪ್ಪು ವೈರಿಗೂ ಜೆಮ್ ಕ್ಲಿಪ್ಪಿನಿಂದ ಸಂಬಂಧ ಬೆಳೆಸಬೇಕು. ಫ್ಯಾನ್ ತಿರುಗಿದರೆ ಜೀವವಿದೆ. ಆದರೆ ಬೋರ್ಡನ್ನು ಹೊರುವ ತ್ರಾಣವಿದೆಯೆಂದು ಅರ್ಥವಲ್ಲ. ಡಬ್ಬವನ್ನೇ ಬಿಚ್ಚುವುದು ನಿಷಿದ್ಧ. ಗೋಡೆಯ 230 ವೋಲ್ಟ್ ಒಳಗೆ ಡಿಸಿಯಾಗುವಾಗ ಸುಮಾರು 325ಕ್ಕೇರಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಕಾದು ಕೂತಿರಬಹುದು. ಈ ಒಂದು ವಾಕ್ಯದಲ್ಲಿ ತಮಾಷೆಯಿಲ್ಲ.

ಇನ್ನು ವ್ಯಾಟ್ ಪ್ರಕರಣ. 1981ರ ಐಬಿಎಂ ಪಿಸಿ 63.5 ವ್ಯಾಟಿನಲ್ಲಿ ಸಂಸಾರ ತೂಗಿಸಿತು. ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ 450 ಎಂದು ಬರೆಯದ ಡಬ್ಬವನ್ನು ಗಿರಾಕಿ ಮುಟ್ಟುವುದಿಲ್ಲ. ಲೇಬಲ್ಲಿನ ದಪ್ಪ ಅಂಕಿ ಕಾವ್ಯ, ಕೆಳಗಿನ ಸಣ್ಣಕ್ಷರದ ಕೋಷ್ಟಕ ಶಾಸ್ತ್ರ. ಪೆಂಟಿಯಂ 3 ಕಾಲದ ಬೋರ್ಡುಗಳು ಪ್ರೊಸೆಸರಿನ ಊಟವನ್ನು ಹೆಚ್ಚಾಗಿ 5 ವೋಲ್ಟಿನಿಂದಲೇ ಎಳೆಯುತ್ತಿದ್ದವು. ಹೊಸ ಸಪ್ಲೈಗಳು ಆಸ್ತಿಯೆಲ್ಲ 12 ವೋಲ್ಟಿನ ಹೆಸರಿಗೆ ಬರೆದು, 5ಕ್ಕೆ ಜೀವನಾಂಶ ಕೊಡುತ್ತವೆ. ಆದ್ದರಿಂದ ಕೋಷ್ಟಕದಲ್ಲಿ 5ರ ಎದುರು ಎಷ್ಟು ಆಂಪಿಯರ್ ಇದೆಯೆಂದು ಓದದವನಿಗೆ 450 ಇದ್ದೂ ಉಪವಾಸ. ಹೊಸ ಪ್ಲಗ್ಗಿಗೆ 24 ಪಿನ್, ಹಳೆಯ ಬೋರ್ಡಿಗೆ 20. ಹೆಚ್ಚಿನ ನಾಲ್ಕು ಕಳಚಿ ಬರುತ್ತವೆ, ಬಾರದಿದ್ದರೆ ಜಾಗವಿದ್ದಲ್ಲಿ ಹೊರಗೆ ಜೋತುಬಿದ್ದರೂ ದೋಷವಿಲ್ಲ. ಮೈನಸ್ 5 ವೋಲ್ಟಿನ ಬಿಳಿ ವೈರ್ ಹೊಸದರಲ್ಲಿ ಇರುವುದಿಲ್ಲ. ಕೆಲವು ಐಎಸ್‌ಎ ಸೌಂಡ್ ಕಾರ್ಡುಗಳು ಮಾತ್ರ ಅದಕ್ಕಾಗಿ ಮೌನವ್ರತ ಹಿಡಿಯುತ್ತವೆ.

ಆ ಅಂಗಡಿಯವರು ಇದಾವುದನ್ನೂ ಓದುವುದಿಲ್ಲ. “ಎತ್ ನೋಡಿ ಸಾರ್, ಎಷ್ಟು ಭಾರ ಐತೆ” ಎಂದು ಡಬ್ಬವನ್ನು ಅಂಗೈಗೆ ಇಡುತ್ತಾರೆ. ನಗುವಂಥದ್ದಲ್ಲ. ಟ್ರಾನ್ಸ್‌ಫಾರ್ಮರು, ಹೀಟ್‌ಸಿಂಕುಗಳಲ್ಲಿ ಕಂಜೂಸಿ ಮಾಡಿದ ಮಾಲು ನಿಜಕ್ಕೂ ಹಗುರ. ಆದರೆ ಕೈತೂಕ ಆತ್ಮನಿಷ್ಠವೆಂಬ ದೋಷವೊಂದು ಉಳಿಯುತ್ತದೆ. ಅದನ್ನು ನಿವಾರಿಸಿ ತೂಕವಾದವನ್ನು ಪೂರ್ಣಗೊಳಿಸಿದವನು, ಹಳೇ ಎಸ್‌ಎಂಪಿಎಸ್ ಕೇಳಿಕೊಂಡು ಗಾಡಿ ತಳ್ಳುತ್ತ ಬರುವ ಗುಜರಿಯವನು. ಇಡೀ ಪರಂಪರೆಯಲ್ಲಿ ತಕ್ಕಡಿ ಇಟ್ಟುಕೊಂಡವನು ಅವನೊಬ್ಬನೇ. ಫ್ಯಾನ್ ಚೆನ್ನಾಗಿದೆ, ಬಿಚ್ಚಿಕೊಳ್ಳಲೇ ಎಂದು ಗ್ರಂಥಕರ್ತನು ಕೇಳಿದಾಗ ಬಂದ ಭಾಷ್ಯ: “ಬಿಚ್ಕೊಳಿ ಸಾರ್, ಅಷ್ಟು ರೇಟ್ ಕಮ್ಮಿ.”