ಬಜೆಟ್ ಭಟ್ಟರ ಸಾಸೇಜ್ ರೈಸು

ಮೂರ್ನಾಲ್ಕು ಬ್ರಹ್ಮಚಾರಿಗಳು ಸೇರಿ ಬಾಡಿಗೆಗೆ ಹಿಡಿದ ಬೆಂಗಳೂರಿನ ಯಾವ ಮನೆಯನ್ನು ಬೇಕಾದರೂ ಹೊಕ್ಕು ನೋಡಿ, ಅಲ್ಲೊಬ್ಬರು ಬಜೆಟ್ ಭಟ್ಟರು ಇದ್ದೇ ಇರುತ್ತಾರೆ. ಜಾತಿಯಿಂದ ಅವರು ಭಟ್ಟರಲ್ಲ, ಅಡುಗೆಯಿಂದಂತೂ ಅಲ್ಲವೇ ಅಲ್ಲ. ತಿಂಗಳ 20ನೇ ತಾರೀಖು ದಾಟಿ, ಎಲ್ಲರ ಖಾತೆಯೂ ತಳ ಕಂಡು, ಹೊರಗಿನಿಂದ ಊಟ ತರಿಸಲು ಯಾರೂ ಮೊದಲು ಫೋನ್ ಎತ್ತದ ಹೊತ್ತಿನಲ್ಲಿ ಈ ಪಟ್ಟ ಅವರಿಗೆ ತಾನಾಗಿ ದಕ್ಕುತ್ತದೆ.

“ಲೇ, ಸುಮ್ನೆ ಯಾಕ್ರೋ ದುಡ್ಡು ದಂಡ ಮಾಡ್ತೀರ? ಒಂದು ಪ್ಯಾಕೆಟ್ ಸಾಸೇಜು, ಎರಡು ಲೋಟ ಅಕ್ಕಿ. ಒಂದೇ ಕುಕ್ಕರು, ಇಪ್ಪತ್ತೇ ನಿಮಿಷ. ನಾನಿದೀನಲ್ಲ!”

ಆ ಕೊನೆಯ ಮಾತಿಗೇ ಉಳಿದವರು ಬೆಚ್ಚಿಬೀಳುವುದು.

ಭಟ್ಟರ ಅರ್ಥಶಾಸ್ತ್ರವನ್ನು ಅವರ ಬಾಯಲ್ಲೇ ಕೇಳಬೇಕು. ತೂಕಕ್ಕೆ ತೂಕ ಇಟ್ಟು ನೋಡಿದರೆ ಕೋಳಿಗಿಂತ ಚಿಕನ್ ಸಾಸೇಜೇ ತುಟ್ಟಿ. ಹಾಗೆಂದು ಯಾರಾದರೂ ಗೊಣಗಿದರೆ, “ಕೋಳಿ ತಂದ್ರೆ ತೊಳೀಬೇಕು, ಮಸಾಲೆ ರುಬ್ಬಬೇಕು, ಗ್ಯಾಸ್ ಎಷ್ಟು ಹೋಗುತ್ತೆ ಗೊತ್ತಾ? ಇದನ್ನ ಅವರೇ ಬೇಯಿಸಿ, ಉಪ್ಪು ಹಾಕಿ ಕೊಟ್ಟಿರ್ತಾರೆ ಗುರು” ಎನ್ನುತ್ತಾರೆ. ಮಾತು ಸುಳ್ಳಲ್ಲ. ಅಂಗಡಿಯ ಫ್ರೀಜರಿನಲ್ಲಿ ಸಿಗುವ ಚಿಕನ್ ಸಾಸೇಜು ಬಹುಮಟ್ಟಿಗೆ ಮೊದಲೇ ಬೆಂದದ್ದು, ಉಪ್ಪೂ ಸಾಕಷ್ಟಿರುತ್ತದೆ. ಇಷ್ಟೆಲ್ಲ ಬಲ್ಲ ಭಟ್ಟರೇ ಅನ್ನಕ್ಕೆ ಇನ್ನೊಂದು ಚಮಚ ಉಪ್ಪು ಸುರಿದು ಕೈ ಕೊಡವುತ್ತಾರೆ.

ಉಳಿತಾಯಕ್ಕೆಂದು ಹೊರಟ ಭಟ್ಟರು ಅಂಗಡಿಯಿಂದ ವಾಪಸಾಗುವಾಗ ಚೀಲದಲ್ಲಿ ಸಾಸೇಜಿನ ಜೊತೆ ಮೂರು ಬಣ್ಣದ ದಪ್ಪಮೆಣಸಿನಕಾಯಿ, ಒಂದು ಡಬ್ಬಿ ಚೀಸು, ಮುಂದೆಂದೂ ಮುಚ್ಚಳ ತೆರೆಯದ ಒರೆಗಾನೊ ಬಾಟಲಿ ಇರುತ್ತವೆ. “ತಲಾ ನೂರೈವತ್ತು ಫೋನ್‌ಪೇ ಮಾಡಿ” ಎಂಬ ಸಂದೇಶ ಅವರಿಗಿಂತ ಮೊದಲೇ ಮನೆ ತಲುಪಿರುತ್ತದೆ.

ಇನ್ನು ಸುಲಭದ ವಿಚಾರ. ಅಡುಗೆ ಸುಲಭವೇ, ಭಟ್ಟರಿಗೆ. ಈರುಳ್ಳಿ ಹೆಚ್ಚುವವನು ಮಂಡ್ಯದ ಹುಡುಗ. ಅಕ್ಕಿ ತೊಳೆಯುವವನು ಕಾರವಾರದವನು. ಸುಮ್ಮನೆ ಚಾರ್ಜರ್ ಕೇಳಲು ಬಂದ ಎದುರುಮನೆಯವನಿಗೆ ಬೆಳ್ಳುಳ್ಳಿ ಸುಲಿಯುವ ಕೆಲಸ. ಸಾಸೇಜನ್ನು ಮಾತ್ರ ಭಟ್ಟರು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದರೆ ಸಂಜೆಗೆ ಅದು ಮೆತ್ತಗಾಗಿರುತ್ತಿತ್ತು. ಈಗ ಒಂದಕ್ಕೊಂದು ಅಂಟಿ ಕಲ್ಲಾಗಿದೆ. ಭಟ್ಟರು ಚಾಕುವಿನ ತುದಿಯನ್ನು ಎರಡರ ನಡುವೆ ತೂರಿಸಿ, ಹಿಡಿಯ ಮೇಲೆ ಲಟ್ಟಣಿಗೆಯಿಂದ ಕುಟ್ಟುತ್ತಾರೆ. ಟಪ್ಪೆಂದು ಸಿಡಿದ ತುಂಡು ಫ್ರಿಜ್ಜಿನಡಿ ಸೇರುತ್ತದೆ. “ಹೋಗ್ಲಿ ಬಿಡ್ರೋ, ಇನ್ನೂ ಇದೆ.” ಬಜೆಟ್ಟಿನಲ್ಲಿ ಇಂಥ ಸೋರಿಕೆ ಸರ್ಕಾರದಲ್ಲೇ ಇದೆ, ಭಟ್ಟರದೇನು ಮಹಾ.

ಅಷ್ಟರಲ್ಲಿ ಊರಿಂದ ಫೋನು. “ಏನ್ ಅಡುಗೆ ಮಗಾ?” “ಪಲಾವ್ ಕಣಮ್ಮ.” “ಇವತ್ತು ಶನಿವಾರ, ನೆನಪಿದೆ ತಾನೆ?” “ಅಯ್ಯೋ, ಬರೀ ತರಕಾರಿ ಕಣಮ್ಮ” ಎನ್ನುತ್ತಲೇ ಭಟ್ಟರು ಬಾಣಲೆಯ ಚಟಪಟ ಕೇಳಿಸದಂತೆ ಬಾಲ್ಕನಿಗೆ ನಡೆಯುತ್ತಾರೆ.

ಕುಕ್ಕರ್ ಮುಚ್ಚಿದ ಮೇಲೆ ಉಪನ್ಯಾಸ. ಇದು ಅಮೆರಿಕದ ಲೂಯಿಸಿಯಾನಾದ ಜಂಬಲಾಯಕ್ಕೆ ಚಿಕ್ಕಪ್ಪನ ಮಗ, ಗೋವಾದ ಚೊರಿಸ್ ಪಲಾವಿಗೆ ಸೋದರಮಾವ ಎಂದು ಭಟ್ಟರು ವಂಶವೃಕ್ಷ ಬಿಡಿಸುತ್ತಾರೆ. ಕಾರವಾರದವನು ಇಲ್ಲಿ ತಡೆಯಲಾರ. ಚೊರಿಸ್ ಎಂದರೆ ಹಂದಿಮಾಂಸಕ್ಕೆ ಒಣಮೆಣಸಿನಕಾಯಿ, ವಿನೆಗರ್ ಹಾಕಿ ಹದಕ್ಕೆ ಬಿಟ್ಟು, ಕರುಳಿನ ಚೀಲಕ್ಕೆ ತುಂಬಿ ಮಾಲೆ ಕಟ್ಟಿ ಒಣಗಿಸಿದ್ದು. ಅದರ ಕೊಬ್ಬು ಕರಗಿಯೇ ಅನ್ನ ಕೆಂಪಾಗುತ್ತದೆ, ಎಣ್ಣೆಯ ಹಂಗೇ ಇಲ್ಲ. ಭಟ್ಟರ ಅನ್ನ ಕೆಂಪಾಗುವುದು ಟೊಮೆಟೊ ಸಾಸಿನಿಂದ. ಈ ಮಾತನ್ನು ಹುಡುಗ ಪೂರ್ತಿ ಹೇಳುವ ಮೊದಲೇ ಸೀಟಿ ಬೀಳುತ್ತದೆ.

ಸೋನಾ ಮಸೂರಿಗೆ ಎರಡು ಸೀಟಿ ಸಾಕು. ಭಟ್ಟರು ಎರಡನ್ನೇ ಎಣಿಸುತ್ತಾರೆ, ಆದರೆ ಅದರಲ್ಲೊಂದು ಪಕ್ಕದ ಮನೆಯದು. ಅಕ್ಕಿ ಅರೆಬೆಂದಿರುತ್ತದೆ. ಮತ್ತೆ ನೀರು, ಮತ್ತೆ ಸೀಟಿ. ಈ ಸಲ ಎಲ್ಲರೂ ಸೇರಿ ಎಣಿಸುವುದರಿಂದ ಒಂದೆರಡು ಹೆಚ್ಚೇ ಆಗುತ್ತದೆ. ಮುಚ್ಚಳ ತೆರೆದರೆ ಸಾಸೇಜು ಬಾತು ಬಾಯಿ ಬಿಟ್ಟಿದೆ, ಅನ್ನ ಪಾಯಸಕ್ಕೂ ಮುದ್ದೆಗೂ ನಡುವೆ ನಿಂತಿದೆ. ಮಂಡ್ಯದವನು ಮಾತಾಡದೆ ಉಂಡೆ ಕಟ್ಟಿ ನುಂಗುತ್ತಾನೆ. ಸಿಂಕಿನಲ್ಲಿ ಒಂದೇ ಕುಕ್ಕರಿನ ಅಡುಗೆಯ ಏಳು ಪಾತ್ರೆ.

ಅಡುಗೆಯದೇನೂ ತಪ್ಪಿಲ್ಲ. ಭಟ್ಟರು ಊರಿಗೆ ಹೋದ ವಾರ ಕಾರವಾರದವನು ಮಾಡುವುದನ್ನು ನೋಡಿ. ಮೆತ್ತಗಾದ ಸಾಸೇಜನ್ನು ಓರೆಯಾಗಿ ಹೆಚ್ಚಿ, ಕುಕ್ಕರಿನಲ್ಲೇ ಒಂದು ಚಮಚ ಎಣ್ಣೆಯಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು ತೆಗೆದಿಡುತ್ತಾನೆ. ಅದೇ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಂದು ಟೊಮೆಟೊ, ಖಾರದ ಪುಡಿ. ಲೋಟ ಅಕ್ಕಿಗೆ ಎರಡು ಲೋಟ ನೀರು, ಉಪ್ಪು ಅರ್ಧಕ್ಕರ್ಧ. ಸೀಟಿ ಇಳಿದ ಮೇಲಷ್ಟೇ ಸಾಸೇಜು ಬೆರೆಸಿ, ನಿಂಬೆಹಣ್ಣು ಹಿಂಡುತ್ತಾನೆ. ಎಲ್ಲರೂ ತಳ ಕೆರೆದು ಉಣ್ಣುತ್ತಾರೆ. ಸೋಮವಾರ ಸುದ್ದಿ ತಿಳಿದ ಭಟ್ಟರದು ಒಂದೇ ಮಾತು: “ನಾನೇ ತಾನೆ ಹೇಳಿಕೊಟ್ಟಿದ್ದು!”

ನಿಮ್ಮ ಮನೆಯಲ್ಲೂ ಇಂಥ ಭಟ್ಟರಿದ್ದರೆ ಬೇಸರ ಬೇಡ, ಹಸಿದವರ ನಡುವೆ ಮೊದಲು ಎದ್ದು ನಿಲ್ಲುವವರು ಅವರೇ. ಅಂಗಡಿಗೆ ಮಾತ್ರ ನೀವು ಹೋಗಿ, ಪಾತ್ರೆ ತೊಳೆಯಲು ಅವರನ್ನು ಬಿಡಿ.