ನರ್ಸಿಂಗ್ ಬಿಡಲೋ, ಮುಂದುವರಿಸಲೋ

ಕಾಟನ್‌ಪೇಟೆಯ ಮನೆಗಳಿಗೆ ಬೇಲಿ ಇಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ತಾರಸಿಯ ಮೋಟುಗೋಡೆಯೇ ನಮಗೆ ಬೇಲಿ, ಅಲ್ಲೇ ನಮ್ಮ ಮಾತುಕತೆ. ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆ ಅಕ್ಕ ಮಗಳ ಬಿಳಿ ಯೂನಿಫಾರಂ ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಇವಳು ನರ್ಸಿಂಗ್ ಬಿಟ್ಟುಬಿಡ್ತೀನಿ ಅಂತಿದಾಳೆ ಕಣ್ರೀ. ಮತ್ತೆ ನೀಟ್ ಬರೀತಾಳಂತೆ, ಡಾಕ್ಟರೇ ಆಗಬೇಕಂತೆ. ಎರಡನೇ ವರ್ಷ ನಡೀತಿದೆ. ಅವರಪ್ಪ ಬಾಯೇ ಬಿಡ್ತಿಲ್ಲ. ನೀವೇನಂತೀರಾ?"

ಥಟ್ಟನೆ ಹೂಂ, ಉಹೂಂ ಅಂದುಬಿಡುವ ವಿಷಯವಲ್ಲ ಇದು. ನಮ್ಮ ಕಡೆಯ ಹುಡುಗಿಯರಿಗೆ ಆಸ್ಪತ್ರೆ ಅಂದರೆ ದೂರದ ಮಾತೂ ಅಲ್ಲ. ಮಾರ್ಕೆಟ್ ಕಡೆ ನಡೆದರೆ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ, ಪಕ್ಕದಲ್ಲೇ 1935ರ ವಾಣಿವಿಲಾಸ, ಆಚೆ ಮಿಂಟೋ ಕಣ್ಣಾಸ್ಪತ್ರೆ. ಮೆಜೆಸ್ಟಿಕ್ ಕಡೆ ತಿರುಗಿದರೆ ಧನ್ವಂತರಿ ರಸ್ತೆಯಲ್ಲಿ ಆಯುರ್ವೇದದ್ದು. ಈ ಅಕ್ಕನ ಮಗಳು ಹುಟ್ಟಿದ್ದೂ ವಾಣಿವಿಲಾಸದಲ್ಲೇ. ಬಿಳಿ ಕೋಟು ನೋಡುತ್ತಲೇ ಬೆಳೆದ ಹುಡುಗಿಗೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಆಸೆ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಕೇಳಬೇಕು ಅನ್ನಿಸಿತು. ಅವಳನ್ನೇ ಮೇಲಕ್ಕೆ ಕರೆದೆ.

"ಮದುವೆ ಮನೇಲಿ ಎಲ್ಲರೂ ಕೇಳ್ತಾರೆ ಆಂಟಿ, ಬರೀ ನರ್ಸಿಂಗಾ, ಮಾರ್ಕ್ಸ್ ಬರಲಿಲ್ವಾ ಅಂತ." ಇದು ಒಂದು ಕಾರಣ. ಹೇಳುವಾಗ ಅವಳ ಕಣ್ಣು ನೆಲದ ಮೇಲಿತ್ತು.

ಇನ್ನೊಂದನ್ನು ಹೇಳುವಾಗ ದನಿಯೇ ಬೇರೆಯಾಯಿತು. ವಾರ್ಡಿನಲ್ಲಿ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆ, ಕಾಲಿನ ಆಪರೇಷನ್. ಆಪರೇಷನ್ನಿಗೆ ಮೊದಲು ಮಾತ್ರೆ ನಿಲ್ಲಿಸಿ ಇನ್ಸುಲಿನ್ ಶುರು ಮಾಡಿದರು. ಚಾರ್ಟಿನಲ್ಲಿ ಅದನ್ನು ಬರೆದುಕೊಂಡ ಇವಳಿಗೆ ಯಾಕೆ ಅನ್ನುವ ಪ್ರಶ್ನೆ ಬಿಡಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದವರ ಹತ್ತಿರ ಮೆಡಿಸಿನ್ ಪುಸ್ತಕವೊಂದನ್ನು ಚೌಕಾಸಿ ಮಾಡಿ ತಂದು, ಉತ್ತರ ಸಿಗುವ ತನಕ ಓದಿದ್ದಾಳೆ. "ಕೊಟ್ಟ ಆರ್ಡರ್ ಮಾಡೋದು ಬೇಜಾರಿಲ್ಲ ಆಂಟಿ. ಆರ್ಡರ್ ಯಾಕೆ ಬಂತು ಅಂತ ಯೋಚನೆ ಮಾಡೋ ಕೆಲಸ ನನಗೆ ಬೇಕು."

ಮೊದಲನೆಯ ಕಾರಣಕ್ಕೆ ಓದು ಬದಲಾಯಿಸಬಾರದು. ಎರಡನೆಯದಕ್ಕೆ ಬದಲಾಯಿಸಬಹುದು. ನಾನು ಅಕ್ಕನಿಗೆ ಹೇಳಿದ್ದೂ ಇಷ್ಟೇ. ಆದರೆ ಬರೀ ನರ್ಸಿಂಗಾ ಅನ್ನುವವರ ಮಾತು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. 2020ರಲ್ಲಿ ವಿಕ್ಟೋರಿಯಾ ಕೋವಿಡ್ ಆಸ್ಪತ್ರೆಯಾದಾಗ ಪಿಪಿಇ ಕಿಟ್ಟಿನೊಳಗೆ ಬೆವರುತ್ತಾ ರೋಗಿಯ ಪಕ್ಕದಲ್ಲಿ ರಾತ್ರಿ ಪೂರ್ತಿ ಇದ್ದವರು ಯಾರು? ಈ ಹುಡುಗಿಯನ್ನೇ ನೋಡಿ. ಎಂಟು ಗಂಟೆಯಲ್ಲಿ 500 ಎಂಎಲ್ ಡ್ರಿಪ್ ಹೋಗಬೇಕು ಅಂತ ಬರೆದರೆ, 20 ಹನಿಗೆ ಒಂದು ಎಂಎಲ್ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ. ಅದನ್ನು ಬಾಯಲ್ಲೇ ಲೆಕ್ಕ ಹಾಕಿ, ಕೈಗಡಿಯಾರ ನೋಡುತ್ತಾ ಹನಿ ಎಣಿಸಿ, ಚಕ್ರ ತಿರುಗಿಸಿ ಸರಿಮಾಡುತ್ತಾಳೆ. ಸೂಜಿ ಚುಚ್ಚಿದ ಕಡೆ ಕೈ ಊದಿಕೊಂಡಿದೆಯಾ ಅಂತ ಮುಟ್ಟಿ ನೋಡುತ್ತಾಳೆ. ಊದಿದ್ದರೆ ಔಷಧ ರಕ್ತನಾಳಕ್ಕೆ ಹೋಗುತ್ತಿಲ್ಲ, ಚರ್ಮದ ಕೆಳಗೆ ಸೇರುತ್ತಿದೆ ಅಂತ. ರೌಂಡ್ಸಿಗೆ ಬಂದು ಹೋಗುವ ಡಾಕ್ಟರಿಗಿಂತ ಮೊದಲು ಅದು ಕಣ್ಣಿಗೆ ಬೀಳುವುದು ನರ್ಸಿಗೆ. ವೆಲ್ಲೂರಿನಲ್ಲಿ ಐಡಾ ಸ್ಕಡರ್ ನರ್ಸುಗಳ ಶಾಲೆ ಶುರು ಮಾಡಿದ್ದು 1909ರಲ್ಲಿ. ಹೆಣ್ಣುಮಕ್ಕಳಿಗೆ ಡಾಕ್ಟರ್ ಓದು ಅಲ್ಲಿ ಬಂದಿದ್ದು 1918ಕ್ಕೆ. ನರ್ಸುಗಳಿಲ್ಲದೆ ಆಸ್ಪತ್ರೆ ನಡೆಯುವುದಿಲ್ಲ ಅಂತ ಆ ಡಾಕ್ಟರಮ್ಮನಿಗೆ ಗೊತ್ತಿತ್ತು.

ಅಕ್ಕನ ಅಣ್ಣನ ಸಂಸಾರ ಅಮೆರಿಕದಲ್ಲಿದೆ. ಅಲ್ಲಿಂದ ಫೋನಿನಲ್ಲಿ, "ಇಲ್ಲಿ ನರ್ಸಿಂಗ್ ಮುಗಿಸಿದವರೂ ಡಾಕ್ಟರ್ ಆಗ್ತಾರೆ, ಪ್ರೀ-ಮೆಡ್ ಪೇಪರ್‌ಗಳನ್ನು ಸೇರಿಸಿಕೊಂಡರೆ ಆಯ್ತು" ಅಂದಿದ್ದಾರೆ. ಅಲ್ಲಿನ ಮಟ್ಟಿಗೆ ನಿಜ. ಮೊದಲು ಯಾವುದಾದರೂ ಡಿಗ್ರಿ, ಜೊತೆಗೆ ಅವರು ಕೇಳುವ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಪೇಪರುಗಳು, ಎಂಕ್ಯಾಟ್ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ನರ್ಸಿಂಗ್ ಡಿಗ್ರಿ ಅಲ್ಲಿ ಮೆಟ್ಟಿಲಾಗಬಹುದು. ನಮ್ಮಲ್ಲಿ ಆ ಮೆಟ್ಟಿಲಿಲ್ಲ. ಇಲ್ಲಿ ಬಿಎಸ್ಸಿ ನರ್ಸಿಂಗ್ ಎರಡು ವರ್ಷ ಓದಿದ್ದರೂ, ನಾಲ್ಕು ವರ್ಷ ಮುಗಿಸಿದ್ದರೂ, ಎಂಬಿಬಿಎಸ್ ಮೊದಲ ವರ್ಷದಿಂದಲೇ. ಅನಾಟಮಿ ಓದಿದ್ದೀನಿ ಅಂದರೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ನೀಟ್ ಬರೆಯಲು ಕೇಳುವುದು ಪಿಯುಸಿಯ ಅಂಕಗಳನ್ನೇ.

ಆ ನೀಟ್ ಬಗ್ಗೆಯೂ ಸರಿಯಾಗಿ ತಿಳಿದುಕೊಳ್ಳಬೇಕು. 180 ಪ್ರಶ್ನೆ, 720 ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಬಯಾಲಜಿಯ 90 ಪ್ರಶ್ನೆಗಳಲ್ಲಿ ಮನುಷ್ಯನ ದೇಹದ ಭಾಗ ಇವಳಿಗೆ ನೀರು ಕುಡಿದಷ್ಟು ಸುಲಭ. ಸಸ್ಯಶಾಸ್ತ್ರ ಮರೆತಿದೆ. ಉಳಿದ 90 ಫಿಸಿಕ್ಸ್, ಕೆಮಿಸ್ಟ್ರಿ. ನರ್ಸಿಂಗಿಗೆ ಸೇರಿದ ಮೇಲೆ ಫಿಸಿಕ್ಸ್ ಪುಸ್ತಕವನ್ನು ತೆರೆದೇ ಇಲ್ಲ ಅಂತ ಅವಳೇ ಹೇಳಿದಳು. ಅರ್ಧ ಪರೀಕ್ಷೆ ಅಲ್ಲೇ ಇದೆ.

"ಪಾಸಾದರೆ ಸಾಕಲ್ವಾ?" ಅಂದರು ಅಕ್ಕ. ಸಾಲದು. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ಅರ್ಹತೆ ಪಡೆದವರೇ 12 ಲಕ್ಷ ದಾಟಿದರು. ಇಡೀ ದೇಶದ ಎಂಬಿಬಿಎಸ್ ಸೀಟು ಲಕ್ಷದ ಮೇಲೆ ಸ್ವಲ್ಪ, ಸರಕಾರಿ ಸೀಟು ಅದರಲ್ಲಿ ಅರ್ಧದಷ್ಟು. ಅಂಕ ನೋಡಿ ಹಿಗ್ಗುವ ಹಾಗೂ ಇಲ್ಲ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಮರುವರ್ಷ ದೇಶಕ್ಕೇ ಮೊದಲು ಬಂದ ಹುಡುಗನಿಗೆ 686. ನೋಡಬೇಕಾದದ್ದು ರ‍್ಯಾಂಕನ್ನು. ಇವಳಪ್ಪ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಸರಕಾರಿ ಸೀಟಿಗೆ ವರ್ಷಕ್ಕೆ ಲಕ್ಷದೊಳಗೆ ಮುಗಿಯುತ್ತದೆ, ಹೇಗೋ ಹೊಂದಿಸಬಹುದು. ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನು ಆ ಮನೆಯಲ್ಲಿ ಎತ್ತಲೂಬಾರದು. ಇವಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅದಕ್ಕೆ ನಮ್ಮ ರಾಜ್ಯದಲ್ಲಿ ಶೇ 5 ಮೀಸಲಾತಿ ಇದೆ. ಅದನ್ನು ಮರೆಯದೆ ಹಾಕಿಕೋ, ಶಾಲೆಯಿಂದ ಸರ್ಟಿಫಿಕೇಟ್ ಈಗಲೇ ಮಾಡಿಸಿಕೋ ಅಂದೆ. ನೀಟನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಪಿಯುಸಿಯಿಂದ ಇಂಗ್ಲಿಷಿನಲ್ಲೇ ವಿಜ್ಞಾನ ಓದಿದವಳಿಗೆ ಈಗ ಬದಲಾಯಿಸುವುದು ಕಷ್ಟ.

ವರ್ಷಗಳ ಲೆಕ್ಕವನ್ನೂ ಹಾಕಿದೆವು. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಬರೀ ಎಂಬಿಬಿಎಸ್ ಸಾಲದು ಅಂತ ಪಿಜಿ ಮಾಡಿದರೆ ಇನ್ನು ಮೂರು. ನರ್ಸಿಂಗ್ ಇನ್ನೆರಡು ವರ್ಷದಲ್ಲಿ ಮುಗಿದು ಕೈಗೆ ಸಂಬಳ ಬರುತ್ತದೆ. ಮನೆಯಲ್ಲಿ ತಮ್ಮನೂ ಓದುತ್ತಿದ್ದಾನೆ. ಇದನ್ನು ಹುಡುಗಿಯ ಎದುರಿಗೇ ಮಾತಾಡಿದ್ದು ಒಳ್ಳೆಯದಾಯಿತು. ಅಪ್ಪನ ಮೌನಕ್ಕೆ ಅರ್ಥ ಅವಳಿಗೆ ಆಗ ಹೊಳೆಯಿತು.

ಇದ್ದ ಓದಿನೊಳಗೂ ಯಾಕೆ ಅಂತ ಕೇಳುವವರಿಗೆ ದಾರಿಯಿದೆ. ಎಂಎಸ್ಸಿ ನರ್ಸಿಂಗ್ ಗೊತ್ತಿರುವುದೇ. ಅದಲ್ಲದೆ ಐಸಿಯು ಕೆಲಸಕ್ಕೆಂದೇ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಓದನ್ನು ನರ್ಸಿಂಗ್ ಕೌನ್ಸಿಲ್ ತಂದಿದೆ. ವಾರ್ಡಿನಲ್ಲಿದ್ದುಕೊಂಡೇ ಓದುವ ಕೋರ್ಸು. ಹೆರಿಗೆ ನೋಡಿಕೊಳ್ಳುವವರಿಗೂ ಇಂಥದ್ದೇ ಒಂದಿದೆ. ಇವನ್ನು ಕೇಳಿದಾಗ ಅವಳು ಮೋಟುಗೋಡೆಯ ಮೇಲೆ ಕೂತುಬಿಟ್ಟಳು. ಎರಡನೇ ವರ್ಷದಲ್ಲಿದ್ದರೂ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಹಾಗಾದರೆ ಬಿಡೋದು ಬೇಡ ಅಂತೀರಾ?" ಅಂದರು ಅಕ್ಕ.

ನೀಟ್ ಬರೆಯಲಿ. ಒಮ್ಮೆ ಮನಸ್ಸಿಟ್ಟು ಬರೆಯಲಿ. ನರ್ಸಿಂಗ್ ಸೀಟನ್ನು ಮಾತ್ರ ಕೈಬಿಡಬಾರದು. ಕಾಲೇಜಿಗೆ ಹೋಗುತ್ತಲೇ ಬರೆಯುವುದು ಕಷ್ಟ, ಶೇ 80 ಹಾಜರಿ ಬೇಕು, ಬೆಳಗಿನ ಪೋಸ್ಟಿಂಗ್ ಮುಗಿಸಿ ಬಂದರೆ ಕಾಲು ಬಿದ್ದುಹೋಗಿರುತ್ತದೆ. ಆದರೂ ಕಾಲೇಜು ಬಿಟ್ಟು ವರ್ಷವಿಡೀ ಕೋಚಿಂಗಿಗೆ ಕೂರುವುದು ಈ ಮನೆಗೆ ತಾಳುವುದಿಲ್ಲ. ಮಧ್ಯದಲ್ಲಿ ಬಿಟ್ಟರೆ ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಅನ್ನುವ ಕಾಲೇಜುಗಳಿವೆ. ಅಂಕಪಟ್ಟಿಯ ಒರಿಜಿನಲ್ಲುಗಳು ಅವರ ಬೀರುವಿನಲ್ಲಿರುತ್ತವೆ. ಸೇರುವಾಗ ಸಹಿ ಹಾಕಿದ ಕಾಗದವನ್ನು ಮೊದಲು ತೆಗೆದು ಓದಿ ಅಂದೆ. ರ‍್ಯಾಂಕ್ ಬಂದು, ಸರಕಾರಿ ಸೀಟಿನ ಅಲಾಟ್‌ಮೆಂಟ್ ಪತ್ರ ಕೈಗೆ ಬಂದ ದಿನ ಆ ಬಾಕಿಯನ್ನು ಸಾಲ ಮಾಡಿಯಾದರೂ ಕಟ್ಟಿ ಹೋಗಲಿ, ನಾನೂ ಖುಷಿಯಿಂದ ಕಳಿಸಿಕೊಡುತ್ತೀನಿ. ಬರಲಿಲ್ಲವಾ, ಡಿಗ್ರಿ ಮುಗಿಸಲಿ. ನೀಟನ್ನು ಇಷ್ಟೇ ಸಲ ಬರೆಯಬೇಕೆಂಬ ಕಟ್ಟಿಲ್ಲ, ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದುಹಾಕಿದ್ದಾರೆ. ಸಂಬಳ ಬರುತ್ತಿರುವಾಗಲೂ ಆಸೆ ಉಳಿದಿದ್ದರೆ ಆಗಲೂ ಬರೆಯಬಹುದು.

ಇದನ್ನು ಓದುವ ನೆಂಟರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮದುವೆ ಮನೆಯಲ್ಲಿ ನರ್ಸಿಂಗ್ ಓದುವ ಹುಡುಗಿ ಸಿಕ್ಕಿದರೆ ಮಾರ್ಕ್ಸ್ ಕೇಳಬೇಡಿ. ಯಾವ ವಾರ್ಡಿನಲ್ಲಿ ಪೋಸ್ಟಿಂಗ್, ಏನು ಕಲಿತೆ ಅಂತ ಕೇಳಿ.